ದಿಬ್ಬ ಕಟ್ಟಿದವರ ಪಾಲು

ಕೆನಡಾದ ಪಶ್ಚಿಮ ಅಂಚಿನ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ವಿಸ್ಲರ್ ಎಂಬ ಬೆಟ್ಟದೂರಿದೆ. ಚಳಿಗಾಲದಲ್ಲಿ ಅದು ಹಿಮದ ಮೇಲೆ ಜಾರುವವರ ಊರು. 2010ರ ಚಳಿಗಾಲದ ಒಲಿಂಪಿಕ್ಸ್‌ನ ಆಲ್ಪೈನ್ ಸ್ಕೀಯಿಂಗ್ ನಡೆದದ್ದು ಅಲ್ಲಿಯೇ. ಹಿಮ ಕರಗಿದ ಮೇಲೆ ಅದೇ ಇಳಿಜಾರು ಸೈಕಲ್ ಸವಾರರ ಪಾಲಾಗುತ್ತದೆ. ಸ್ಕೀ ಹಿಡಿದವರನ್ನು ಮೇಲೆ ಒಯ್ಯುತ್ತಿದ್ದ ಲಿಫ್ಟ್‌ಗಳೇ ಸೈಕಲ್‌ಗಳನ್ನೂ ಒಯ್ಯುತ್ತವೆ. 2004ರಿಂದ ಬೇಸಿಗೆಯಲ್ಲಿ ಅಲ್ಲಿ ಕ್ರ್ಯಾಂಕ್‌ವರ್ಕ್ಸ್ ಎಂಬ ಮೌಂಟನ್ ಬೈಕ್ ಉತ್ಸವ ನಡೆಯುತ್ತಿದೆ. ಅದರ ಮುಖ್ಯ ಆಕರ್ಷಣೆ ಸ್ಲೋಪ್‌ಸ್ಟೈಲ್ ಸ್ಪರ್ಧೆ. 2011ರಿಂದ ಅದಕ್ಕೆ ಜಾಯ್‌ರೈಡ್ ಎಂದು ಹೆಸರು. ಎತ್ತರದ ಅಟ್ಟಣೆಯಿಂದ ಹೊರಟ ಸವಾರ ಮಣ್ಣಿನ ದಿಬ್ಬಗಳನ್ನೂ ಮರದ ರಚನೆಗಳನ್ನೂ ಒಂದಾದ ಮೇಲೊಂದರಂತೆ ಹಾರುತ್ತಾ, ಗಾಳಿಯಲ್ಲಿ ಸೈಕಲ್ ಸಮೇತ ಉರುಳುತ್ತಾ, ತಿರುಗುತ್ತಾ ಬೆಟ್ಟದ ಬುಡಕ್ಕೆ ಇಳಿಯುತ್ತಾನೆ. ಕೆಳಗೆ ನಿಂತ ಸಾವಿರಾರು ಜನ ಉಸಿರು ಬಿಗಿಹಿಡಿದು ನೋಡುತ್ತಾರೆ. ಅವರಿಗೆ ಕಾಣುವುದು ಸವಾರನ ಧೈರ್ಯ ಒಂದೇ. ಆದರೆ ಈ ಆಟದ ಅಪಾಯ ಬೆಟ್ಟದ ಜೊತೆ ತಾನಾಗಿ ಹುಟ್ಟಿ ಬಂದದ್ದಲ್ಲ. ಅಳೆದು, ಅಗೆದು, ಮಣ್ಣು ಒತ್ತಿ ಮನುಷ್ಯರು ಕಟ್ಟಿದ್ದು. ಕಟ್ಟಿದವರು, ಅಂಕ ಕೊಡುವವರು, ಯಾವಾಗ ಬಿಡಬೇಕು ಯಾವಾಗ ನಿಲ್ಲಿಸಬೇಕು ಎಂದು ಹೇಳುವವರು ಇದ್ದಾರೆ ಎಂದ ಮೇಲೆ, ಸವಾರ ಬಿದ್ದಾಗ ಹೊಣೆಯಲ್ಲೂ ಅವರಿಗೆ ಪಾಲಿರಬೇಕು ಎನ್ನುವುದು ನನ್ನ ವಾದ.

ಸೈಕಲ್ ಸ್ಪರ್ಧೆ ಎಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು. ದೂರ, ವೇಗ, ಗಡಿಯಾರ. ಸ್ಲೋಪ್‌ಸ್ಟೈಲ್‌ನಲ್ಲಿ ಗಡಿಯಾರಕ್ಕೆ ಕೆಲಸವಿಲ್ಲ. ತೀರ್ಪುಗಾರರು ನೋಡಿ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. ಆ ಮಟ್ಟಿಗೆ ಇದು ನಮ್ಮ ಮಲ್ಲಕಂಬದ ಹತ್ತಿರದ ನೆಂಟ: ಎಷ್ಟು ಕಷ್ಟದ್ದು ಮಾಡಿದೆ ಎನ್ನುವುದರ ಜೊತೆಗೆ ಎಷ್ಟು ಸಲೀಸಾಗಿ ಮಾಡಿದೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಹಾರಿದ ಎತ್ತರ, ಮಾಡಿದ ಟ್ರಿಕ್‌ಗಳ ಕಷ್ಟ ಮತ್ತು ವೈವಿಧ್ಯ, ನೆಲ ಮುಟ್ಟಿದ ಬಗೆ, ಮೊದಲ ದಿಬ್ಬದಿಂದ ಕೊನೆಯದರವರೆಗೆ ತಡವರಿಸದೆ ಹರಿದ ಲಯ ಎಲ್ಲವನ್ನೂ ಒಟ್ಟಿಗೆ ತೂಗುತ್ತಾರೆ. ಒಬ್ಬೊಬ್ಬರಿಗೆ ಎರಡು ಅವಕಾಶ, ಹೆಚ್ಚು ಅಂಕ ಬಂದದ್ದೇ ಗಟ್ಟಿ. ಟ್ರಿಕ್‌ಗಳಿಗೆ ತಮ್ಮದೇ ಹೆಸರುಗಳಿವೆ. ಹಿಂದಕ್ಕೆ ಪಲ್ಟಿ ಹೊಡೆದರೆ ಬ್ಯಾಕ್‌ಫ್ಲಿಪ್. ಹ್ಯಾಂಡಲ್ ಹಿಡಿದುಕೊಂಡೇ ಸೈಕಲ್‌ನ ಉಳಿದ ಭಾಗವನ್ನು ಕಾಲ ಕೆಳಗೆ ಒಂದು ಸುತ್ತು ಬೀಸಿ ಮತ್ತೆ ಪೆಡಲ್ ಮೇಲೆ ಕಾಲಿಟ್ಟರೆ ಟೇಲ್‌ವಿಪ್. ಗಾಳಿಯಲ್ಲಿ ಹ್ಯಾಂಡಲ್ ಬಿಟ್ಟು ಅದನ್ನು ಪೂರ್ತಿ ತಿರುಗಿಸಿ ಹಿಡಿದರೆ ಬಾರ್‌ಸ್ಪಿನ್. ಇವುಗಳಲ್ಲಿ ಎರಡು ಮೂರನ್ನು ಒಂದೇ ನೆಗೆತದಲ್ಲಿ ಸೇರಿಸುವವರಿದ್ದಾರೆ. ಸೈಕಲ್ಲೂ ಇದಕ್ಕೆಂದೇ ಮಾಡಿದ್ದು: ಚಿಕ್ಕ ಗಟ್ಟಿ ಚೌಕಟ್ಟು, 26 ಇಂಚಿನ ಚಕ್ರ, ಒಂದೇ ಗೇರ್, ಮುಂದೆ ಸುಮಾರು 100 ಮಿಲಿಮೀಟರ್ ಕುಗ್ಗುವ ಬಿಗಿಯಾದ ಸಸ್ಪೆನ್ಷನ್.

ಈ ಆಟದ ಬೇರು ಬ್ರಿಟಿಷ್ ಕೊಲಂಬಿಯಾದ ಕಾಡಿನಲ್ಲೇ ಇದೆ. 1990ರ ದಶಕದಲ್ಲಿ ವ್ಯಾಂಕೂವರ್ ಪಕ್ಕದ ನಾರ್ತ್ ಶೋರ್ ಬೆಟ್ಟಗಳಲ್ಲಿ ಕೆಲವರು ಬಂಡೆ, ಬೇರು, ಕೆಸರು ದಾಟಲು ಬಿದ್ದ ಸೀಡರ್ ಮರ ಸೀಳಿ ಸಂಕ ಕಟ್ಟತೊಡಗಿದರು. ಸಂಕ ಕಿರಿದಾಯಿತು, ಎತ್ತರವಾಯಿತು. ದಾಟಲೆಂದು ಕಟ್ಟಿದ್ದು ಆಟವೇ ಆಯಿತು. ಕ್ಯಾಮ್‌ಲೂಪ್ಸ್ ಕಡೆಯ ಸಡಿಲ ಮಣ್ಣಿನ ಗುಡ್ಡಗಳಲ್ಲಿ ವೇಡ್ ಸಿಮನ್ಸ್, ರಿಚಿ ಶ್ಲೇ, ಬ್ರೆಟ್ ಟಿಪ್ಪಿ ದಾರಿಯೇ ಇಲ್ಲದ ಇಳಿಜಾರುಗಳನ್ನು ಇಳಿದ ದೃಶ್ಯಗಳು ವಿಡಿಯೊಗಳಾಗಿ ಊರೂರು ಸುತ್ತಿದವು. ಗೆರೆ ಎಳೆದ ಟ್ರ್ಯಾಕ್ ಬೇಡ, ಗಡಿಯಾರ ಬೇಡ ಎನ್ನುವ ಮನಸ್ಸೇ ಫ್ರೀರೈಡ್. ವಿಸ್ಲರ್‌ನ ಬೈಕ್ ಪಾರ್ಕ್ 1999ರಲ್ಲಿ ತೆರೆದಾಗ ಆ ಕಾಡಿನ ಆಟಕ್ಕೆ ಟಿಕೆಟ್, ಲಿಫ್ಟ್, ಕಾವಲು, ನಕಾಶೆ ಎಲ್ಲವೂ ಬಂದವು. ಐದು ವರ್ಷಕ್ಕೆ ಕ್ರ್ಯಾಂಕ್‌ವರ್ಕ್ಸ್ ಬಂತು. ಮೊದಲ ವರ್ಷದ ಸ್ಲೋಪ್‌ಸ್ಟೈಲ್ ಗೆದ್ದ ಅಮೆರಿಕದ ಪಾಲ್ ಬಾಸಗೊಯ್ಟಿಯಾ ಎರವಲು ತಂದ ಸೈಕಲ್‌ನಲ್ಲಿ ಗೆದ್ದಿದ್ದ. 2010ರ ಹೊತ್ತಿಗೆ ಜಾಗತಿಕ ಸರಣಿ ರೂಪುಗೊಂಡಿತು. ಮುಂದೆ ನ್ಯೂಜಿಲೆಂಡಿನ ರೊಟೊರುವಾ, ಆಸ್ಟ್ರಿಯಾದ ಇನ್ಸ್‌ಬ್ರುಕ್ ಕೂಡ ಕ್ರ್ಯಾಂಕ್‌ವರ್ಕ್ಸ್ ಊರುಗಳಾದವು. ಕಾಡಿನಲ್ಲಿ ತಾನೇ ಸಂಕ ಕಟ್ಟಿ ತಾನೇ ಹಾರುತ್ತಿದ್ದವನ ಜಾಗದಲ್ಲಿ, ಬೇರೆಯವರು ಕಟ್ಟಿದ್ದನ್ನು ಹಾರುವ ಆಹ್ವಾನಿತ ಸವಾರ ಬಂದು ನಿಂತ. ನನ್ನ ವಾದಕ್ಕೆ ಈ ಬದಲಾವಣೆಯೇ ಬುನಾದಿ.

ದಿಬ್ಬ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಐದು ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವ ಹೊತ್ತಿಗೆ ಗಂಟೆಗೆ ಸುಮಾರು 36 ಕಿಲೋಮೀಟರ್ ವೇಗದಲ್ಲಿರುತ್ತದೆ. ಚಪ್ಪಟೆ ನೆಲದ ಮೇಲೆ ಹಾಗೆ ಬಿದ್ದರೆ ಮೂಳೆ ಉಳಿಯುವುದು ಕಷ್ಟ. ಹಾಗಿದ್ದೂ ಸ್ಲೋಪ್‌ಸ್ಟೈಲ್ ಸವಾರ ಅಷ್ಟೆತ್ತರದಿಂದ ಇಳಿದು ಏನೂ ಆಗದವನಂತೆ ಮುಂದಿನ ದಿಬ್ಬಕ್ಕೆ ಹೊರಡುತ್ತಾನೆ. ಗುಟ್ಟು ಅವನ ಕಾಲಿನಲ್ಲಿರುವುದಕ್ಕಿಂತ ಹೆಚ್ಚಾಗಿ ಇಳಿಯುವ ಜಾಗದ ಓರೆಯಲ್ಲಿದೆ. ಸವಾರ ಗಾಳಿಯಲ್ಲಿ ಬಾಗಿ ಬರುವ ದಾರಿಗೂ ನೆಲದ ಇಳಿಜಾರಿಗೂ ಹೊಂದಿಕೆಯಾದರೆ ಬಿದ್ದ ವೇಗದ ಬಹುಪಾಲು ಮುಂದಕ್ಕೆ ಹರಿದುಹೋಗುತ್ತದೆ, ನೆಲಕ್ಕೆ ಗುದ್ದುವುದು ಸ್ವಲ್ಪವೇ. ಕೆಲವು ಅಡಿ ಹೆಚ್ಚು ಹಾರಿ ಇಳಿಜಾರು ದಾಟಿದರೆ, ಇಲ್ಲವೇ ಕಡಿಮೆ ಹಾರಿ ಅಂಚಿಗೆ ಬಡಿದರೆ ಅದೇ ನೆಗೆತ ಮಾರಕವಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಮಾಂಟ್ ಹಬ್ಬರ್ಡ್ ಮತ್ತು ಅವರ ಜೊತೆಗಾರರು ಹಿಮದ ಜಂಪ್‌ಗಳನ್ನು ಹೀಗೆ ಲೆಕ್ಕ ಹಾಕಿದರು. ಒಂದು ನೆಗೆತದ ಗುದ್ದು ನೇರವಾಗಿ ಎಷ್ಟು ಎತ್ತರದಿಂದ ಚಪ್ಪಟೆ ನೆಲಕ್ಕೆ ಬಿದ್ದಂತೆ ಎಂದು ಅಳೆಯುವುದು ಅವರ ದಾರಿ. ಇಳಿಯುವ ಮೇಲ್ಮೈಗೆ ಸರಿಯಾದ ಬಾಗು ಕೊಟ್ಟರೆ, ಹಾರುವವನ ವೇಗ ಸ್ವಲ್ಪ ಹೆಚ್ಚು ಕಡಿಮೆಯಾದರೂ ಆ ಸಮಾನ ಎತ್ತರ ಒಂದು ಮಿತಿಯೊಳಗೇ ಉಳಿಯುವಂತೆ ಮಾಡಬಹುದು ಎಂದು ಅವರು ತೋರಿಸಿದರು. ಮಣ್ಣು ಹಿಮದಷ್ಟು ಜಾರುವುದಿಲ್ಲ, ಸೈಕಲ್ ಸ್ಕೀಯಂತೆ ವರ್ತಿಸುವುದಿಲ್ಲ ಎನ್ನುವುದು ನಿಜ. ಆದರೂ ಗುರುತ್ವ ಎರಡಕ್ಕೂ ಒಂದೇ. ಎಷ್ಟು ಗಟ್ಟಿಯಾಗಿ ಬೀಳುತ್ತಾನೆ ಎನ್ನುವುದರ ಒಂದು ದೊಡ್ಡ ಪಾಲು ಸವಾರ ಅಲ್ಲಿಗೆ ಬರುವ ಮೊದಲೇ, ಸಲಿಕೆ ಹಿಡಿದವರ ಕೈಯಲ್ಲಿ ತೀರ್ಮಾನವಾಗಿರುತ್ತದೆ.

ನ್ಯಾಯಾಲಯಗಳೂ ಈ ಪಾಲು ಹಂಚಿಕೆಯ ಪ್ರಶ್ನೆಯನ್ನು ಎದುರಿಸಿವೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಂದು ಸ್ಕೀ ತಾಣದಲ್ಲಿ 2004ರಲ್ಲಿ ಜಂಪ್ ಹಾರಿದ ಯುವಕನೊಬ್ಬ ಇಳಿಜಾರನ್ನು ದಾಟಿ ಬಿದ್ದು, ಕುತ್ತಿಗೆಯಿಂದ ಕೆಳಗೆ ಸ್ವಾಧೀನ ಕಳೆದುಕೊಂಡ. 2007ರಲ್ಲಿ ಜ್ಯೂರಿ ಅವನ ತಪ್ಪಿಗೊಂದು ಪಾಲು, ಆಟದ ಸಹಜ ಅಪಾಯಕ್ಕೊಂದು ಪಾಲು, ಜಂಪ್ ಕಟ್ಟಿದ ತಾಣಕ್ಕೊಂದು ಪಾಲು ಎಂದು ಹೊಣೆಯನ್ನು ಹಂಚಿ, ತಾಣ ಸುಮಾರು 1.4 ಕೋಟಿ ಡಾಲರ್ ಕೊಡಬೇಕೆಂದು ತೀರ್ಪಿತ್ತಿತು. ಬ್ರಿಟಿಷ್ ಕೊಲಂಬಿಯಾದಲ್ಲಿ ದಾರಿ ಬೇರೆ. ಏನಾದರೂ ಆದರೆ ನಿಮ್ಮನ್ನು ಕೇಳುವುದಿಲ್ಲ ಎಂದು ಗ್ರಾಹಕ ಬರೆದುಕೊಡುವ ಒಪ್ಪಿಗೆ ಪತ್ರಕ್ಕೆ ಅಲ್ಲಿ ಬಹಳ ಬಲ. ವಿಸ್ಲರ್ ಬಳಿಯ ಒಂದು ಜಿಪ್‌ಲೈನ್ ಪ್ರಕರಣದಲ್ಲಿ ಸಿಬ್ಬಂದಿಯ ನಿರ್ಲಕ್ಷ್ಯ ಒಪ್ಪಿಕೊಂಡಿದ್ದರೂ ಆ ಪತ್ರ ಊರ್ಜಿತ ಎಂದು 2012ರಲ್ಲಿ ಪ್ರಾಂತ್ಯದ ಮೇಲ್ಮನವಿ ನ್ಯಾಯಾಲಯ ಹೇಳಿತು. ಅದೇ ನ್ಯಾಯಾಲಯ 2020ರಲ್ಲಿ, ಗ್ರೌಸ್ ಮೌಂಟನ್ ಎಂಬ ಸ್ಕೀ ತಾಣದ ಜಂಪ್‌ನಲ್ಲಿ ಗಾಯಗೊಂಡ ಸ್ನೋಬೋರ್ಡ್ ಸವಾರನ ಪ್ರಕರಣವನ್ನು ಮುಂದುವರಿಸಲು ಬಿಟ್ಟಿತು: ತನ್ನ ನಿರ್ಲಕ್ಷ್ಯಕ್ಕೂ ತಾನು ಹೊಣೆಯಲ್ಲ ಎಂದು ಹೇಳುವ ತಾಣ, ಟಿಕೆಟ್ ಕೊಳ್ಳುವ ಮೊದಲೇ ಅದು ಗ್ರಾಹಕನ ಕಣ್ಣಿಗೆ ಬೀಳುವಂತೆ ಮಾಡಿರಬೇಕು ಎನ್ನುವುದು ಅಲ್ಲಿನ ಮುಖ್ಯ ಅಂಶ. ಇವೆಲ್ಲ ಸಾಮಾನ್ಯ ಗ್ರಾಹಕರ ಪ್ರಕರಣಗಳು, ವೃತ್ತಿಪರ ಸ್ಪರ್ಧಿಗಳದ್ದಲ್ಲ. ನನಗೆ ಬೇಕಾದದ್ದು ಪರಿಹಾರದ ಮೊತ್ತವೂ ಅಲ್ಲ. ಅಪಾಯ ಒಪ್ಪಿಕೊಂಡವನು ಮತ್ತೊಬ್ಬರ ಅಜಾಗರೂಕತೆಯನ್ನೂ ಒಪ್ಪಿಕೊಂಡನೇ ಎಂಬ ಪ್ರಶ್ನೆಯನ್ನು ಕಾನೂನು ಕೇಳುತ್ತಿದೆ. ಕ್ರೀಡೆಯೂ ಅದನ್ನು ಕೇಳಿಕೊಳ್ಳಬೇಕು.

ಮಣ್ಣಿನಷ್ಟೇ ಅಂಕಪದ್ಧತಿಯೂ ಅಪಾಯವನ್ನು ಕಟ್ಟುತ್ತದೆ. ಎರಡರಲ್ಲಿ ಒಳ್ಳೆಯದೇ ಗಟ್ಟಿ ಎಂಬ ನಿಯಮ ಮೇಲ್ನೋಟಕ್ಕೆ ದಯಾಳು. ಮೊದಲ ಸಲ ಬಿದ್ದವನಿಗೆ ಇನ್ನೊಂದು ಅವಕಾಶ ಸಿಗುತ್ತದೆ. ಆದರೆ ಮೊದಲ ಸಲ ಚೆನ್ನಾಗಿ ಮಾಡಿ ಮೂರನೆಯ ಸ್ಥಾನದಲ್ಲಿರುವವನಿಗೆ ಎರಡನೆಯ ಸಲ ಕಳೆದುಕೊಳ್ಳಲು ಅಂಕವೇ ಇಲ್ಲ, ಇರುವುದು ಮೈ ಮಾತ್ರ. ಆದ್ದರಿಂದ ಅಭ್ಯಾಸದಲ್ಲಿ ಪೂರ್ತಿ ಕೈಗೆ ಬಾರದ ಟ್ರಿಕ್‌ಗಳು ಹೊರಬರುವುದು ಆಗಲೇ. ಹೊಸದನ್ನು, ದೊಡ್ಡದನ್ನು ಮೆಚ್ಚುವ ತೀರ್ಪುಗಾರರ ಒಲವು ಇದಕ್ಕೆ ಸೇರಿದರೆ ಪ್ರತಿ ವರ್ಷ ಮಟ್ಟ ಒಂದೊಂದು ಮೆಟ್ಟಿಲು ಏರುತ್ತದೆ. ಇದನ್ನು ತಪ್ಪೆನ್ನುತ್ತಿಲ್ಲ. ಅಂಕ ಯಾವುದನ್ನು ಮೆಚ್ಚುತ್ತದೆಯೋ ಸವಾರ ಅದನ್ನು ಕಲಿಯುತ್ತಾನೆ ಎನ್ನುತ್ತಿದ್ದೇನೆ. ಸ್ವೀಡನ್ನಿನ ಎಮಿಲ್ ಯೊಹಾನ್ಸನ್ ಇದಕ್ಕೆ ಒಳ್ಳೆಯ ಸಾಕ್ಷಿ. 1999ರಲ್ಲಿ ಹುಟ್ಟಿದ ಈ ಹುಡುಗ ಹಾಶಿಮೊಟೊ ಎಂಬ ಥೈರಾಯ್ಡ್ ಕಾಯಿಲೆಯಿಂದ ದೀರ್ಘಕಾಲ ಸ್ಪರ್ಧೆಯಿಂದ ದೂರವಿದ್ದು, ಮರಳಿ ಬಂದು 2019ರಲ್ಲಿ ವಿಸ್ಲರ್‌ನಲ್ಲಿ ಗೆದ್ದ; ನಂತರ ಕೆಲವು ವರ್ಷ ಅವನನ್ನು ಸೋಲಿಸುವವರೇ ಇರಲಿಲ್ಲ. ಅವನ ಹೆಚ್ಚುಗಾರಿಕೆ ಎಲ್ಲರಿಗಿಂತ ಎತ್ತರ ಹಾರುವುದರಲ್ಲಿರಲಿಲ್ಲ. ಪ್ರತಿ ಸವಾರನಿಗೂ ಸುಲಭವಾದ ಒಂದು ತಿರುಗುವ ದಿಕ್ಕು ಇರುತ್ತದೆ, ಬಲಗೈಯವರಿಗೆ ಬಲಗೈ ಇದ್ದ ಹಾಗೆ. ಯೊಹಾನ್ಸನ್ ಎರಡೂ ದಿಕ್ಕಿಗೆ ಸಮಾನ ಸಲೀಸಿನಿಂದ ತಿರುಗುವುದನ್ನು ವರ್ಷಗಟ್ಟಲೆ ಕೂತು ಕಲಿತ, ಒಂದೇ ಇಳಿತದಲ್ಲಿ ಎರಡನ್ನೂ ಹೆಣೆದ. ತೀರ್ಪುಗಾರರು ಅದನ್ನು ಗುರುತಿಸಿ ಅಂಕ ಕೊಟ್ಟರು. ಎತ್ತರಕ್ಕೇ ಅಂಕ ಸುರಿದಿದ್ದರೆ ಆಟ ಬೇರೆ ದಿಕ್ಕಿಗೆ ಬೆಳೆಯುತ್ತಿತ್ತು, ಆಸ್ಪತ್ರೆ ಸೇರುವವರ ಸಂಖ್ಯೆಯೂ ಬೇರೆಯಾಗುತ್ತಿತ್ತು ಎಂದು ನಾನು ನಂಬುತ್ತೇನೆ.

ಇನ್ನು ಗಾಳಿ. ಈ ಆಟಕ್ಕೆ ಮಳೆಗಿಂತ ದೊಡ್ಡ ಶತ್ರು ಗಾಳಿ. ತಿರುಗುತ್ತಿರುವ ಸೈಕಲ್‌ಗೆ ಅಡ್ಡಗಾಳಿ ತಾಗಿದರೆ ಅದು ಸವಾರನ ಕಾಲಿನಿಂದ ಸ್ವಲ್ಪ ದೂರ ಸರಿಯುತ್ತದೆ. ಆ ಸ್ವಲ್ಪವೇ ಸಾಕು. ಎದುರುಗಾಳಿ ಬಂದರೆ ಇಳಿಜಾರು ಮುಟ್ಟದೆ ಮೊದಲೇ ಬೀಳುತ್ತಾನೆ. ಹೀಗಾಗಿ ಸ್ಪರ್ಧೆಗಳು ಗಾಳಿ ನಿಲ್ಲಲೆಂದು ಗಂಟೆಗಟ್ಟಲೆ ಕಾಯುತ್ತವೆ, ಮುಂದೂಡಲ್ಪಡುತ್ತವೆ. ಕಾಯುವುದೆಂದರೆ ನೇರಪ್ರಸಾರದ ಸಮಯ ಮೀರುವುದು, ಪ್ರಾಯೋಜಕರ ಅಸಹನೆ, ಬಿಸಿಲಿನಲ್ಲಿ ನಿಂತ ಜನರ ಗೊಣಗಾಟ. ಒತ್ತಡಕ್ಕೆ ಮಣಿದರೆ ಏನಾಗುತ್ತದೆ ಎಂದು ನೋಡಲು ಹಿಮದ ಕಡೆಗೇ ಹೋಗಬೇಕು. 2018ರ ಪ್ಯೊಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಸ್ನೋಬೋರ್ಡ್ ಸ್ಲೋಪ್‌ಸ್ಟೈಲ್‌ನ ಅರ್ಹತಾ ಸುತ್ತನ್ನು ಗಾಳಿಯ ಕಾರಣ ರದ್ದು ಮಾಡಿ, ಮರುದಿನ ಗಾಳಿ ಬೀಸುತ್ತಿದ್ದರೂ ಫೈನಲ್ ನಡೆಸಿದರು. ಬಹುಪಾಲು ಸ್ಪರ್ಧಿಗಳು ಬಿದ್ದರು, ಇಲ್ಲವೇ ಹಾರುವುದನ್ನೇ ಕೈಬಿಟ್ಟರು. ನಡೆಸಬಾರದಿತ್ತು ಎಂದು ಆಸ್ಟ್ರಿಯಾದ ಆನ್ನಾ ಗಾಸರ್ ಸೇರಿದಂತೆ ಹಲವರು ಬಹಿರಂಗವಾಗಿ ಹೇಳಿದರು. ಅಲ್ಲಿ ಧೈರ್ಯಕ್ಕೇನೂ ಬರವಿರಲಿಲ್ಲ. ಬೇಡ ಎನ್ನುವ ಹಕ್ಕು ಸ್ಪರ್ಧಿಗಳ ಕೈಯಲ್ಲಿರಲಿಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪಣೆ ಎದುರಾಗುತ್ತದೆ. ಯಾರೂ ಇವರನ್ನು ಬಲವಂತದಿಂದ ಹತ್ತಿಸುವುದಿಲ್ಲ. ಇವರು ಮಕ್ಕಳಲ್ಲ, ಬೆಟ್ಟವನ್ನು ಬಲ್ಲವರು. ಬಿದ್ದರೆ ಬೀಳುತ್ತೇವೆ ಎಂದು ತಿಳಿದೇ ಹೊರಡುತ್ತಾರೆ. ಅವರ ಆಯ್ಕೆಯನ್ನು ಗೌರವಿಸುವುದೇ ಸರಿ. ಈ ಮಾತಿನಲ್ಲಿ ನಿಜವಿದೆ. ಸವಾರನ ಆಯ್ಕೆಯನ್ನು ಗೌರವಿಸದೆ ಈ ಆಟವನ್ನು ನೋಡುವುದೂ ತಪ್ಪು. ಆದರೆ ಆಯ್ಕೆಗೂ ಒಂದು ಸುತ್ತುಮುತ್ತ ಇರುತ್ತದೆ. ಮೇಲಿನ ಮಟ್ಟದ ಸ್ಪರ್ಧೆಗಳಿಗೆ ಸೀಮಿತ ಆಹ್ವಾನ. ಕೆಳಗಿನ ಮಟ್ಟದಲ್ಲಿ ಅಂಕ ಗಳಿಸಿಯೇ ಮೇಲೆ ಬರಬೇಕು. ಆದಾಯದ ಮುಖ್ಯ ಭಾಗ ಬಹುಮಾನದಿಂದ ಬರುವುದಿಲ್ಲ, ಪ್ರಾಯೋಜಕರಿಂದ ಬರುತ್ತದೆ. ಅವರು ನೋಡುವುದು ಯಾರು ಪರದೆಯ ಮೇಲೆ ಕಾಣಿಸಿಕೊಂಡರು ಎನ್ನುವುದನ್ನು. ಗಾಳಿ ಇದೆ, ನಾನು ಇಳಿಯುವುದಿಲ್ಲ ಎನ್ನುವ ಇಪ್ಪತ್ತು ವರ್ಷದ ಹುಡುಗ ಆ ವರ್ಷದ ಒಪ್ಪಂದವನ್ನೇ ಪಣಕ್ಕಿಟ್ಟು ಹಾಗೆನ್ನಬೇಕು. ಪಾಲ್ ಬಾಸಗೊಯ್ಟಿಯಾನ ಮುಂದಿನ ಬದುಕು ಇದರ ಇನ್ನೊಂದು ಮುಖ. 2015ರಲ್ಲಿ ಯೂಟಾದ ಮರುಭೂಮಿಯಲ್ಲಿ ನಡೆಯುವ ರ್‍ಯಾಂಪೇಜ್ ಎಂಬ ಫ್ರೀರೈಡ್ ಸ್ಪರ್ಧೆಯಲ್ಲಿ ಬಿದ್ದು ಅವನ ಬೆನ್ನುಹುರಿಗೆ ಪೆಟ್ಟಾಯಿತು. ಮತ್ತೆ ನಡೆಯುವುದಕ್ಕೇ ಅವನು ಎಷ್ಟು ಹೋರಾಡಬೇಕಾಯಿತು ಎನ್ನುವುದನ್ನು 2019ರ ‘ಎನಿ ಒನ್ ಆಫ್ ಅಸ್’ ಸಾಕ್ಷ್ಯಚಿತ್ರ ದಾಖಲಿಸಿದೆ. ಗಾಯಗೊಂಡ ಸವಾರರ ಚಿಕಿತ್ಸೆಗೆ ಅಮೆರಿಕದಲ್ಲಿ ಅಭಿಮಾನಿಗಳು ಮತ್ತು ದತ್ತಿ ಸಂಸ್ಥೆಗಳು ಹಣ ಕೂಡಿಸುವುದು ವಾಡಿಕೆಯೇ ಆಗಿದೆ. ಅವರ ಪ್ರೀತಿ ದೊಡ್ಡದು, ಸಂದೇಹವಿಲ್ಲ. ಆದರೆ ನೆಗೆತದ ದೃಶ್ಯವನ್ನು ಮಾರಿದವರು ಒಬ್ಬರು, ಬಿದ್ದ ಮೇಲಿನ ಖರ್ಚು ಹೊರುವವರು ಇನ್ನೊಬ್ಬರು ಎಂದಾದರೆ ಆಯ್ಕೆಯ ಮಾತು ಅರ್ಧ ಸತ್ಯವಾಗುತ್ತದೆ.

ರ್‍ಯಾಂಪೇಜ್‌ನ ಹೆಸರು ಬಂದದ್ದರಿಂದ ಒಂದು ವ್ಯತ್ಯಾಸ ಹೇಳಲೇಬೇಕು. ಅಲ್ಲಿ ಸವಾರ ತನ್ನ ಸಣ್ಣ ತಂಡದೊಂದಿಗೆ ದಿನಗಟ್ಟಲೆ ಅಗೆದು ತನ್ನ ಇಳಿಯುವ ದಾರಿಯನ್ನು ತಾನೇ ಕಟ್ಟಿಕೊಳ್ಳುತ್ತಾನೆ. ದಿಬ್ಬ ತಪ್ಪಾಗಿದ್ದರೆ ಆ ತಪ್ಪಿನಲ್ಲಿ ಅವನದೂ ಕೈ ಇದೆ. ಆದರೂ 2015ರ ಅಪಘಾತದ ನಂತರ, 2016ರಲ್ಲಿ ಸಂಘಟಕರು ಜಾಗ ಬದಲಿಸಿ ಮರದ ದೊಡ್ಡ ರಚನೆಗಳನ್ನು ಕೈಬಿಟ್ಟರು. ತನ್ನ ದಾರಿಯನ್ನು ತಾನೇ ಕಟ್ಟಿಕೊಳ್ಳುವ ಕಡೆಯೇ ಸಂಘಟಕರು ಹಾಗೆ ಹೆಜ್ಜೆ ಇಟ್ಟಿರುವಾಗ, ಪ್ರತಿಯೊಂದು ಓರೆಯನ್ನೂ ತಾವೇ ನಿಶ್ಚಯಿಸುವ ಸ್ಲೋಪ್‌ಸ್ಟೈಲ್ ಸಂಘಟಕರ ಹೊಣೆ ಅದಕ್ಕಿಂತ ಹಗುರ ಹೇಗಾದೀತು?

ಎರಡನೆಯ ಆಕ್ಷೇಪಣೆ ಈ ಆಟವನ್ನು ಪ್ರೀತಿಸುವವರದು, ಆದ್ದರಿಂದ ಅದನ್ನು ಹೆಚ್ಚು ಗೌರವದಿಂದ ಕೇಳಬೇಕು. ಫ್ರೀರೈಡ್ ಹುಟ್ಟಿದ್ದೇ ನಿಯಮ ಬೇಡ ಎಂದು. ನಿಯಮ ಹೇರಿದರೆ ಎಲ್ಲ ದಿಬ್ಬಗಳೂ ಒಂದೇ ಅಚ್ಚಿನವಾಗುತ್ತವೆ, ಆಟದ ಜೀವ ಹೋಗುತ್ತದೆ ಎಂದು ಅವರ ಅಳಲು. ಇತಿಹಾಸ ಬೇರೆಯದನ್ನು ಹೇಳುತ್ತದೆ. ನಾರ್ತ್ ಶೋರ್‌ನ ಸಂಕಗಳು ಊರಿನವರ ಮತ್ತು ಭೂಮಿ ನೋಡಿಕೊಳ್ಳುವವರ ಕೋಪಕ್ಕೆ ತುತ್ತಾದಾಗ, 1997ರಲ್ಲಿ ಸವಾರರೇ ಸಂಘ ಕಟ್ಟಿಕೊಂಡರು. ಸವೆದ ದಾರಿ ರಿಪೇರಿ ಮಾಡುವ, ಅಧಿಕಾರಿಗಳ ಜೊತೆ ಕೂತು ಮಾತಾಡುವ ಹೊಣೆ ಹೊತ್ತುಕೊಂಡರು. ಆ ದಾರಿಗಳಲ್ಲಿ ಇಂದಿಗೂ ಸೈಕಲ್ ಓಡುತ್ತಿರುವುದರ ಹಿಂದೆ ಆ ದುಡಿಮೆಯಿದೆ. ವಿಸ್ಲರ್ ಪಾರ್ಕ್‌ನಲ್ಲಿ ದಾರಿಗಳಿಗೆ ಹಸಿರು, ನೀಲಿ, ಕಪ್ಪು ಎಂದು ಕಷ್ಟದ ಗುರುತು ಹಾಕಿದ್ದರಿಂದ ಫ್ರೀರೈಡ್ ಸಾಯಲಿಲ್ಲ. ಹೊಸಬರು ಸಣ್ಣದರಿಂದ ದೊಡ್ಡದಕ್ಕೆ ಏರುವ ಮೆಟ್ಟಿಲು ಸಿಕ್ಕಿತು. ಅದೇ ಊರಲ್ಲಿ ಬೆಳೆದ ಬ್ರ್ಯಾಂಡನ್ ಸೆಮೆನುಕ್ 2011ರಲ್ಲೂ, ಮತ್ತೆ 2013ರಿಂದ 2015ರವರೆಗೆ ಸತತ ಮೂರು ವರ್ಷವೂ ಜಾಯ್‌ರೈಡ್ ಗೆದ್ದ. ಈ ಆಟದಲ್ಲಿ ಅವನಷ್ಟು ಸ್ವಂತ ಶೈಲಿ ಇರುವವರು ವಿರಳ. ಕಾವಲಿರುವ ಪಾರ್ಕ್ ಅವನ ಕಲ್ಪನೆಯನ್ನು ಕಟ್ಟಿಹಾಕಲಿಲ್ಲ.

ಕಟ್ಟುವವರ ಕೈಯಲ್ಲಿ ಎಷ್ಟು ಶಕ್ತಿಯಿದೆ ಎನ್ನುವುದಕ್ಕೆ ಮಹಿಳೆಯರ ಕಥೆಗಿಂತ ಒಳ್ಳೆಯ ಪುರಾವೆ ನನಗೆ ಕಂಡಿಲ್ಲ. ಎರಡು ದಶಕ ಕಾಲ ಕ್ರ್ಯಾಂಕ್‌ವರ್ಕ್ಸ್‌ನ ಈ ಪ್ರಮುಖ ಸ್ಪರ್ಧೆ ಗಂಡಸರದ್ದಾಗಿಯೇ ಉಳಿಯಿತು. ಆ ಮಟ್ಟದ ಹೆಣ್ಣುಮಕ್ಕಳೇ ಇಲ್ಲ ಎನ್ನುವ ಮಾತು ಸುಲಭವಾಗಿ ಬರುತ್ತಿತ್ತು. ದೊಡ್ಡ ದಿಬ್ಬದಲ್ಲಿ ಅಭ್ಯಾಸವೇ ಸಿಗದವರು ಆ ಮಟ್ಟಕ್ಕೆ ಏರುವುದು ಹೇಗೆ? 2019ರಲ್ಲಿ ರ್‍ಯಾಂಪೇಜ್ ನಡೆಯುವ ವರ್ಜಿನ್ ಊರಿನ ಕೆಂಪು ಗುಡ್ಡಗಳಲ್ಲೇ ಫಾರ್ಮೇಷನ್ ಎಂಬ ಶಿಬಿರ ಶುರುವಾಯಿತು. ಅಂಕವಿಲ್ಲ, ಬಹುಮಾನವಿಲ್ಲ, ಹೆಣ್ಣುಮಕ್ಕಳು ಸೇರಿ ಅಗೆಯಬೇಕು, ಕಟ್ಟಬೇಕು, ಒಬ್ಬರನ್ನು ಒಬ್ಬರು ನೋಡಿ ಕಲಿಯಬೇಕು. ಐದೇ ವರ್ಷದಲ್ಲಿ, 2024ರಲ್ಲಿ, ಕ್ರ್ಯಾಂಕ್‌ವರ್ಕ್ಸ್ ಸ್ಲೋಪ್‌ಸ್ಟೈಲ್‌ನಲ್ಲಿ ಮಹಿಳಾ ವಿಭಾಗ ಬಂತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮಹಿಳೆಯರ ಮೊದಲ ರ್‍ಯಾಂಪೇಜ್ ನಡೆದು ನ್ಯೂಜಿಲೆಂಡಿನ ರಾಬಿನ್ ಗೂಮ್ಸ್ ಬ್ಯಾಕ್‌ಫ್ಲಿಪ್ ಹೊಡೆದು ಗೆದ್ದಳು. ಐದು ವರ್ಷದಲ್ಲಿ ಹೆಣ್ಣುಮಕ್ಕಳ ಧೈರ್ಯವೇನೂ ಹೊಸದಾಗಿ ಹುಟ್ಟಲಿಲ್ಲ. ಸಮಯ, ಮಣ್ಣು, ಸಲಿಕೆ, ಜೊತೆ ಸಿಕ್ಕಿತು. ಯಾರು ಹಾರಬಲ್ಲರು ಎನ್ನುವುದನ್ನು ದಿಬ್ಬ ಮತ್ತು ಅದರ ಸುತ್ತಲ ವ್ಯವಸ್ಥೆ ತೀರ್ಮಾನಿಸುತ್ತದೆ ಎಂದಾದರೆ, ಯಾರು ಬೀಳುತ್ತಾರೆ ಎನ್ನುವುದರಲ್ಲೂ ಅವುಗಳ ಪಾತ್ರ ಇದ್ದೇ ಇದೆ.

ಆಗಬೇಕಾದದ್ದು ಅಸಾಧ್ಯವಾದುದೇನಲ್ಲ. ಸ್ಪರ್ಧೆಗೆ ಮೊದಲು ಪ್ರತಿ ದಿಬ್ಬದ ಅಳತೆ, ಇಳಿಯುವ ಜಾಗದ ಓರೆ, ಸಮಾನ ಬೀಳುವ ಎತ್ತರದ ಲೆಕ್ಕ ಸವಾರರ ಕೈಗೆ ಸಿಗಬೇಕು. ಅಪಘಾತವಾದರೆ ಅದೇ ದಾಖಲೆ ಮುಂದಿನ ವರ್ಷದ ದಿಬ್ಬಕ್ಕೆ ಪಾಠವಾಗಬೇಕು. ಆಹ್ವಾನ ಪತ್ರದ ಜೊತೆಗೇ ದೀರ್ಘಕಾಲದ ಚಿಕಿತ್ಸೆ ಮತ್ತು ಪುನಶ್ಚೇತನದ ವಿಮೆ ಇರಬೇಕು, ಅದರ ಕಂತು ಪ್ರಸಾರ ಮತ್ತು ಪ್ರಾಯೋಜಕತ್ವದ ಹಣದಿಂದ ಹೋಗಬೇಕು. ಗಾಳಿಯ ವಿಷಯದಲ್ಲಿ ಅಳೆದ ವೇಗಕ್ಕೊಂದು ಮಿತಿ ಮೊದಲೇ ಪ್ರಕಟವಾಗಬೇಕು. ಅದು ಮೀರಿದಾಗ ನಿಲ್ಲಿಸಿ ಎಂದು ಹೇಳುವ ಅಧಿಕಾರ ಪ್ರಸಾರದವರಿಂದಲೂ ಪ್ರಾಯೋಜಕರಿಂದಲೂ ಸಂಬಳ ಪಡೆಯದ ಒಬ್ಬರಿಗೆ ಇರಬೇಕು. ಸವಾರರು ಗುಟ್ಟಾಗಿ ಮತ ಹಾಕಿ ಬೇಡ ಎಂದರೆ ಯಾರು ಬೇಡ ಎಂದರು ಎನ್ನುವುದು ಪ್ರಾಯೋಜಕರ ಕಿವಿಗೆ ಬೀಳಬಾರದು. ಇಷ್ಟಕ್ಕೆ ತಗಲುವ ಖರ್ಚು, ಬೆಟ್ಟದ ಬುಡದಲ್ಲಿ ಪ್ರತಿ ವರ್ಷ ಅಟ್ಟಣೆ, ಪರದೆ, ಕ್ಯಾಮೆರಾಗಳಿಗೆ ಸುರಿಯುವ ಹಣದ ಎದುರು ದೊಡ್ಡದಾಗಲಾರದು. ಮೊದಲ ಹೆಜ್ಜೆ ಗಾಳಿಯದ್ದಾಗಲಿ, ಏಕೆಂದರೆ ಅದಕ್ಕೆ ಬೇಕಾಗಿರುವುದು ಒಂದು ಅಳೆಯುವ ಯಂತ್ರ ಮತ್ತು ಸ್ಪರ್ಧೆಗೆ ಮೊದಲೇ ಬರೆದಿಟ್ಟ ಒಂದು ಸಂಖ್ಯೆ.